ನಿಮಗಿದು ಗೊತ್ತೇ? ಮನೆಯೊಳಗಿನ ಲಿಫ್ಟು

ಮೆಟ್ಟಿಲು ಹತ್ತುವಾಗ ಮಂಡಿಯ ಕೀಲಿನ ಮೇಲೆ ಬೀಳುವ ಭಾರ ನಮ್ಮ ತೂಕದ ಮೂರು ಪಟ್ಟನ್ನು ದಾಟುತ್ತದೆ. ಇಳಿಯುವಾಗ ಅದಕ್ಕಿಂತಲೂ ಹೆಚ್ಚು. 60 ಕಿಲೋ ತೂಗುವ ಅಜ್ಜಿಯ ಮಂಡಿ ಒಂದೊಂದು ಮೆಟ್ಟಿಲಿಗೂ 180 ಕಿಲೋಗಿಂತ ಹೆಚ್ಚಿನ ಹೊರೆ ತಾಳಬೇಕು. "ಹತ್ತೋದು ಹೇಗೋ ಹತ್ತಿಬಿಡ್ತೀನಿ ಕಣೋ, ಇಳಿಯೋದೇ ಆಗಲ್ಲ" ಎಂದು ನಮ್ಮಮ್ಮ ಹೇಳುತ್ತಿದ್ದಾಗ ಅದು ಮನಸ್ಸಿನ ಅಂಜಿಕೆ ಎಂದುಕೊಂಡಿದ್ದೆ. ಅಂಜಿಕೆಯಲ್ಲ, ಲೆಕ್ಕ. ಮೈಸೂರಿನ ನಮ್ಮ 30×40ರ ಮನೆಯಲ್ಲಿ ತಾರಸಿಗೆ 34 ಮೆಟ್ಟಿಲು. ಒಂದು ದಿನ ಸಂಡಿಗೆ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಅಮ್ಮ ನಡು ಮೆಟ್ಟಿಲಲ್ಲೇ ಕೂತುಬಿಟ್ಟಿದ್ದರು. ಆ ಸಂಜೆಯೇ ನಾನು ಲಿಫ್ಟಿನ ವಿಷಯ ಕೆದಕತೊಡಗಿದೆ. ಆಗ ತಿಳಿದದ್ದು ಇವಿಷ್ಟು.

ಮನೆಯೊಳಗಿನ ಲಿಫ್ಟು ನಿನ್ನೆ ಮೊನ್ನೆಯದಲ್ಲ. ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ 15ನೇ ಲೂಯಿಯ ಕಾಲಕ್ಕೆ, 1743ರಲ್ಲಿ, 'ಹಾರುವ ಕುರ್ಚಿ' ಇತ್ತು. ಕರೆಂಟಿಲ್ಲ, ಉಗಿಯಿಲ್ಲ. ಹಗ್ಗ, ರಾಟೆ, ಇನ್ನೊಂದು ತುದಿಗೆ ಎದುರು ತೂಕ.

ಎದುರು ತೂಕದ ಉಪಾಯ ನಮಗೇನೂ ಹೊಸದಲ್ಲ. ಬಾವಿಯ ಏತ ನೋಡಿದವರಿಗೆ ಅರ್ಥವಾಗುತ್ತದೆ: ಒಂದು ತುದಿಗೆ ನೀರಿನ ಬಾನಿ, ಇನ್ನೊಂದು ತುದಿಗೆ ಕಲ್ಲಿನ ಭಾರ. ಎತ್ತುವವನಿಗೆ ಉಳಿಯುವುದು ವ್ಯತ್ಯಾಸದ ಕೆಲಸ ಮಾತ್ರ. ಹಗ್ಗದ ಲಿಫ್ಟಿನಲ್ಲೂ ಇದೇ. ಜನ ನಿಲ್ಲುವ ಡಬ್ಬಿಯ ಪೂರ್ತಿ ತೂಕ, ಜೊತೆಗೆ ಹೊರಬಲ್ಲ ಭಾರದ ಶೇಕಡಾ 40ರಿಂದ 50ರಷ್ಟು ಸೇರಿಸಿ ಹಿಂಬದಿಯಲ್ಲಿ ಎದುರು ತೂಕ ಇಳಿಬಿಟ್ಟಿರುತ್ತಾರೆ. ಹಾಗಾಗಿ ಖಾಲಿ ಲಿಫ್ಟು ಮೇಲೆ ಹೋಗುವಾಗ ಮೋಟಾರಿಗೆ ಎಳೆಯುವ ಕೆಲಸವಿಲ್ಲ, ತಡೆಯುವ ಕೆಲಸ. ಅತ್ತೆಯ ಅಪಾರ್ಟ್‌ಮೆಂಟಿನಲ್ಲಿ ಸರ್ವೀಸಿಗೆ ಬಂದ ಹುಡುಗ ಇದನ್ನು ನನಗೆ ಕಣ್ಣಾರೆ ತೋರಿಸಿದ. ಕರೆಂಟು ತೆಗೆದು, ಮೋಟಾರಿನ ಬ್ರೇಕ್ ಹಿಡಿಯನ್ನು ನಿಧಾನಕ್ಕೆ ಸಡಿಲಿಸಿದ. ಖಾಲಿ ಡಬ್ಬಿ ಕೆಳಗೆ ಜಾರುತ್ತದೆಂದು ನಾನು ಕಾಯುತ್ತಿದ್ದರೆ ಅದು ಮೆಲ್ಲಗೆ ಮೇಲಕ್ಕೆ ಹೊರಟಿತು! "ಎಲ್ಲರೂ ಕೆಳಗೆ ಬೀಳುತ್ತೆ ಅಂತಾನೇ ಹೆದರ್ತಾರೆ ಸಾರ್" ಎಂದ ಅವನು.

ಹಗ್ಗ ಕಿತ್ತುಹೋದರೆ? ಈ ಹೆದರಿಕೆಗೆ ಉತ್ತರ ಸಿಕ್ಕಿ 170 ವರ್ಷ ದಾಟಿತು. 1854ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದಲ್ಲಿ ಎಲಿಷಾ ಓಟಿಸ್ ಎಂಬಾತ ಎತ್ತರದ ಹಲಗೆಯ ಮೇಲೆ ತಾನೇ ನಿಂತು, ಅದನ್ನು ಹಿಡಿದಿದ್ದ ಒಂದೇ ಹಗ್ಗವನ್ನು ಎಲ್ಲರೆದುರೇ ಕಡಿಸಿದ. ಹಲಗೆ ಸ್ವಲ್ಪವೇ ಜಾರಿ ಗಕ್ಕನೆ ನಿಂತಿತು. ಗುಟ್ಟು ಬಲು ಸರಳ. ಹಲಗೆಯ ಮೇಲ್ಭಾಗದಲ್ಲಿ ಗಾಡಿಯ ಸ್ಪ್ರಿಂಗ್ ಪಟ್ಟಿ. ಹಗ್ಗ ಎಳೆಯುತ್ತಿರುವಷ್ಟು ಹೊತ್ತು ಅದು ಬಿಲ್ಲಿನಂತೆ ಬಾಗಿರುತ್ತದೆ. ಹಗ್ಗ ಹೋದ ಕೂಡಲೇ ನೆಟ್ಟಗಾಗಿ, ಎರಡೂ ಪಕ್ಕದ ಕಂಬಗಳ ಹಲ್ಲುಗಳಿಗೆ ಸಿಕ್ಕಿಕೊಳ್ಳುತ್ತದೆ. ಅಂದರೆ ಹಿಡಿದು ನಿಲ್ಲಿಸಲು ಯಾರೂ ಏನೂ ಮಾಡಬೇಕಿಲ್ಲ, ಹಗ್ಗ ಹರಿಯುವುದೇ ಹಿಡಿತಕ್ಕೆ ಅಪ್ಪಣೆ. ಮನುಷ್ಯನ ಬುದ್ಧಿಗೆ ಕೈಮುಗಿಯಬೇಕೆನಿಸುವ ಕೆಲವೇ ಸಾಧನಗಳಲ್ಲಿ ಇದೊಂದು ಎಂದು ನನ್ನ ಎಣಿಕೆ.

ಈಗಿನ ಹಗ್ಗದ ಲಿಫ್ಟಿನಲ್ಲಿ ಆ ಕೆಲಸ 'ಗವರ್ನರ್' ಎಂಬ ಚಕ್ರದ್ದು. ನಿಗದಿತ ವೇಗ ಮೀರಿ ಡಬ್ಬಿ ಇಳಿಯತೊಡಗಿದರೆ ಚಕ್ರ ಕಚ್ಚಿಕೊಂಡು, ಡಬ್ಬಿಯ ಕೆಳಗಿನ ಉಕ್ಕಿನ ಬೆಣೆಗಳು ಕಂಬಿಯನ್ನು ಅವುಚಿ ಹಿಡಿಯುತ್ತವೆ. ಉಕ್ಕಿನ ಹಗ್ಗಗಳೂ ಒಂದಲ್ಲ, ಹಲವು. ಮೂರು ಅಥವಾ ಹೆಚ್ಚು ಹಗ್ಗಗಳಿದ್ದರೆ, ಬೀಳುವ ಭಾರಕ್ಕಿಂತ 12 ಪಟ್ಟು ತಾಳುವಂತಿರಬೇಕು ಎಂಬುದು ಯುರೋಪಿನ ನಿಯಮ.

ಅಷ್ಟಾಗಿಯೂ ಒಮ್ಮೆ ಲಿಫ್ಟು ಬಿದ್ದದ್ದುಂಟು. 1945ರ ಜುಲೈ 28ರಂದು ಮಂಜಿನಲ್ಲಿ ದಾರಿ ತಪ್ಪಿದ ಬಾಂಬರ್ ವಿಮಾನವೊಂದು ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಬಡಿದು ಹಗ್ಗಗಳನ್ನೇ ಕತ್ತರಿಸಿತು. ಲಿಫ್ಟ್ ನಡೆಸುತ್ತಿದ್ದ ಬೆಟ್ಟಿ ಲೂ ಆಲಿವರ್ 75 ಮಹಡಿ ಕೆಳಗೆ ಬಿದ್ದರೂ ಬದುಕಿ ಉಳಿದರು.

ಓಟಿಸ್ ಕಂಪನಿ ತನ್ನ ಮೊದಲ ಪ್ರಯಾಣಿಕರ ಲಿಫ್ಟನ್ನು ಕೂರಿಸಿದ್ದು 1857ರಲ್ಲಿ, ನ್ಯೂಯಾರ್ಕಿನ ಒಂದು ಪಿಂಗಾಣಿ ಅಂಗಡಿಯಲ್ಲಿ. ಐದೇ ಮಹಡಿ, ವೇಗ ನಿಮಿಷಕ್ಕೆ 40 ಅಡಿ. ಇವತ್ತಿನ ಮನೆ ಲಿಫ್ಟುಗಳೂ ಹೆಚ್ಚುಕಡಿಮೆ ಅದೇ ನಡಿಗೆಯವು. ಯುರೋಪಿನಲ್ಲಿ ಈ ಜಾತಿಯವಕ್ಕೆ ಸೆಕೆಂಡಿಗೆ 0.15 ಮೀಟರ್ ಮೀರುವಂತಿಲ್ಲ. ಒಂದು ಮಹಡಿಗೆ 20 ಸೆಕೆಂಡು ಮೇಲಾಗುತ್ತದೆ. ನಿಧಾನವಾಯಿತು ಎನ್ನಬೇಡಿ. ತಲೆಸುತ್ತು ಬರುವವರಿಗೆ, ಊರುಗೋಲು ಹಿಡಿದವರಿಗೆ ಈ ನಿಧಾನವೇ ಬೇಕು.

ಕರೆಂಟಿನಿಂದ ಲಿಫ್ಟು ಮೇಲೇರಿದ್ದು 1880ರಲ್ಲಿ, ಜರ್ಮನಿಯ ಮಾನ್‌ಹೈಮ್‌ನಲ್ಲಿ. ಮಾಡಿದವರು ವರ್ನರ್ ಫಾನ್ ಸೀಮೆನ್ಸ್.

ನಮ್ಮ ನಾಡಿನವರು ಲಿಫ್ಟಿನಲ್ಲಿ ಮೇಲೆ ಹೋಗುವುದಕ್ಕೂ ಮೊದಲು ಕೆಳಗಿಳಿದು ಕಲಿತವರು. ಕೋಲಾರದ ಚಿನ್ನದ ಗಣಿಯಲ್ಲಿ ತಲೆಮಾರುಗಳ ಕಾರ್ಮಿಕರು ಉಕ್ಕಿನ ಹಗ್ಗಕ್ಕೆ ತೂಗುಬಿದ್ದ ಪಂಜರದಲ್ಲಿ ನಿಂತೇ ಪಾಳಿಗೆ ಇಳಿದರು. ಅಲ್ಲಿನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ. 1902ರಲ್ಲಿ ಶಿವನಸಮುದ್ರದಿಂದ ತಂತಿ ಎಳೆದು ಕರೆಂಟು ತಂದದ್ದೇ ಆ ಗಣಿಗಳಿಗಾಗಿ.

'6 ಜನ, 408 ಕಿಲೋ' ಎಂಬ ಫಲಕ ನೋಡಿದ್ದೀರಲ್ಲ? ಭಾಗಿಸಿ ನೋಡಿ, ತಲೆಗೆ 68 ಕಿಲೋ. 4 ಜನಕ್ಕೆ 272, 8 ಜನಕ್ಕೆ 544. ನಮ್ಮ ದೇಶದಲ್ಲಿ ಬಹುಕಾಲದಿಂದ ನಡೆದುಬಂದ ಲೆಕ್ಕ ಇದು. ಯುರೋಪಿನಲ್ಲಿ ತಲೆಗೆ 75.

ಮನೆ ಲಿಫ್ಟುಗಳೆಲ್ಲ ಹಗ್ಗದವಲ್ಲ. ಹೈಡ್ರಾಲಿಕ್‌ನಲ್ಲಿ ಪಂಪು ಎಣ್ಣೆಯನ್ನು ಒತ್ತಿ ಉಕ್ಕಿನ ದಂಡವನ್ನು ಎತ್ತುತ್ತದೆ, ಇಳಿಯುವಾಗ ವಾಲ್ವ್ ಬಿಚ್ಚಿದರೆ ಸಾಕು, ತನ್ನ ತೂಕದಲ್ಲೇ ಇಳಿಯುತ್ತದೆ. ತಿರುಪಿನ ಲಿಫ್ಟಿನಲ್ಲಿ ತಿರುಪು ಸುತ್ತಿದ ಉದ್ದನೆಯ ಕಂಬ, ಅದನ್ನು ಸುತ್ತುತ್ತ ಏರುವ ನಟ್ಟು. ಆ ನಟ್ಟು ಸವೆದರೆ ಭಾರ ಹೊರಲೆಂದೇ ಕೆಳಗೆ ಇನ್ನೊಂದು ನಟ್ಟು ಕಾದಿರುತ್ತದೆ. ಇನ್ನು ಗಾಜಿನ ಕೊಳವೆಯಂಥ ಗಾಳಿ ಲಿಫ್ಟು. ಇದರ ಲೆಕ್ಕ ನನಗೆ ಬಹಳ ಹಿಡಿಸಿತು. ಗಾಳಿ ನಮ್ಮ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತುತ್ತಲೇ ಇರುತ್ತದೆ. 93 ಸೆಂ.ಮೀ. ಅಗಲದ ಕೊಳವೆಯೆಂದರೆ ಸುಮಾರು 6,800 ಚದರ ಸೆಂ.ಮೀ. ಡಬ್ಬಿಯ ಮೇಲಿನ ಗಾಳಿಯನ್ನು ನೂರಕ್ಕೆ ಆರರಷ್ಟು ಹೀರಿ ತೆಗೆದರೆ ಕೆಳಗಿನ ಗಾಳಿಯೇ 400 ಕಿಲೋ ಭಾರವನ್ನು ಮೇಲಕ್ಕೆ ತಳ್ಳುತ್ತದೆ. ಕರೆಂಟು ಹೋದರೆ ಗಾಳಿ ಮೆಲ್ಲಗೆ ಒಳನುಗ್ಗಿ ಡಬ್ಬಿ ತಾನಾಗಿ ಕೆಳಗಿಳಿಯುತ್ತದೆ. ಆದರೆ ಇಂಥ ಕಿರಿದಾದ ಕೊಳವೆಯಲ್ಲಿ ಗಾಲಿಕುರ್ಚಿ ಹಿಡಿಯುವುದಿಲ್ಲ. ಅಂದ ನೋಡಿ ಮರುಳಾಗುವ ಮುಂಚೆ ಇದನ್ನು ಯೋಚಿಸಿ.

ಕರೆಂಟಿನ ಬಿಲ್ಲು ಏರುತ್ತದೆಂಬ ಭಯ ಬೇಡ. 2.2 ಕಿಲೋವಾಟ್ ಮೋಟಾರು 22 ಸೆಕೆಂಡು ಓಡಿ ಒಂದು ಮಹಡಿ ಏರಿಸಿತೆನ್ನಿ. ಒಂದು ಯೂನಿಟ್ಟಿಗೆ 70 ಸಲಕ್ಕೂ ಹೆಚ್ಚು ಏರಬಹುದು. ಡಬ್ಬಿಯ ದೀಪ, ಫ್ಯಾನು, ನಿಯಂತ್ರಣ ಪೆಟ್ಟಿಗೆಯದ್ದು ಬೇರೆ. ಸಿಂಗಲ್ ಫೇಸ್‌ನಲ್ಲೇ ಓಡುವ ಮಾದರಿಗಳಿವೆ.

ಕರೆಂಟು ಕೈಕೊಟ್ಟಾಗ ಬ್ಯಾಟರಿಯಿಂದ ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವ ಸಾಧನಕ್ಕೆ ಲಿಫ್ಟಿನವರು 'ಎ.ಆರ್.ಡಿ.' ಎನ್ನುತ್ತಾರೆ. ದುಡ್ಡು ಉಳಿಸುವುದಿದ್ದರೆ ಡಬ್ಬಿಯ ಒಳಗಿನ ಮಿರುಗಿನಲ್ಲಿ ಉಳಿಸಿ, ಇದರಲ್ಲಿ ಬೇಡ. ಅದರ ಬ್ಯಾಟರಿಗೂ ಆಯಸ್ಸಿದೆ. ಆಗಾಗ ಮೇನ್ ಸ್ವಿಚ್ ತೆಗೆಸಿ ಪರೀಕ್ಷೆ ಮಾಡಿಸಿಕೊಳ್ಳಿ.

ಜಾಗ ಎಷ್ಟು ಬೇಕು? 5 ಅಡಿ ಉದ್ದ, 5 ಅಡಿ ಅಗಲದಲ್ಲಿ ಕೂರುವ ಮಾದರಿಗಳಿವೆ. ಅಪಾರ್ಟ್‌ಮೆಂಟಿನ ಲಿಫ್ಟಿಗೆ 5 ಅಡಿಯಷ್ಟು ಆಳದ ಗುಂಡಿ ಬೇಕಾಗಬಹುದು. ಮನೆಯವಕ್ಕೆ ಅರ್ಧ ಅಡಿಯಿಂದ ಒಂದಡಿ ಸಾಕಾಗುವುದುಂಟು. ಹೊಸದಾಗಿ ಮನೆ ಕಟ್ಟಿಸುವವರು ಇಷ್ಟು ಮಾಡಿ: ಕೆಳಗಿನ ಸ್ಟೋರ್ ರೂಮಿನ ನೇರಕ್ಕೇ ಮೇಲಿನ ಮಹಡಿಯಲ್ಲೂ ಇನ್ನೊಂದು ಸ್ಟೋರ್ ರೂಮು ಬರಲಿ, ನಡುವೆ ಬೀಮ್ ಹಾಯದಿರಲಿ. ಇಪ್ಪತ್ತು ವರ್ಷದ ಮೇಲೆ ಆ ಭಾಗದ ಸ್ಲ್ಯಾಬನ್ನಷ್ಟೇ ಕತ್ತರಿಸಿ ಲಿಫ್ಟು ಇಳಿಸಬಹುದು. ನಮ್ಮಪ್ಪ ಬೇರೆ ಯಾವುದೋ ಕಾರಣಕ್ಕೆ ಹಾಗೆ ಕಟ್ಟಿಸಿದ್ದು ನಮ್ಮ ಭಾಗ್ಯವಾಯಿತು.

ಗುಂಡಿಗೆ ವಾಟರ್‌ಪ್ರೂಫಿಂಗ್ ಮರೆಯಲೇಬೇಡಿ. ನಮ್ಮ ಮನೆಯಲ್ಲಿ ಕೆಲಸದವರು ಅದನ್ನು ಹಾರಿಸಿಬಿಟ್ಟರು, ನನಗೂ ಗೊತ್ತಿರಲಿಲ್ಲ. ಮೊದಲ ಮಳೆಗಾಲಕ್ಕೇ ಗುಂಡಿಯಲ್ಲಿ ಗೇಣುದ್ದ ನೀರು. ಬಕೆಟ್ಟಿನಲ್ಲಿ ಎತ್ತಿ ಹಾಕಿ, ಮತ್ತೆ ಗಾರೆ ಮಾಡಿಸಿ, ಮೂರು ವಾರ ಅಮ್ಮ ಮತ್ತೆ ಮೆಟ್ಟಿಲು ಹತ್ತಬೇಕಾಯಿತು.

ಲಿಫ್ಟಿನೊಳಗಿನ ಕನ್ನಡಿ ತಲೆ ಬಾಚಿಕೊಳ್ಳಲೆಂದಲ್ಲ. ಗಾಲಿಕುರ್ಚಿಯವರು ಒಳಗೆ ತಿರುಗಲಾಗದೆ ಹಿಮ್ಮುಖವಾಗಿ ಹೊರಬರುವಾಗ ಬೆನ್ನ ಹಿಂದೇನಿದೆ ಎಂದು ನೋಡಲು ಅದು ಬೇಕು. ಗಾಲಿಕುರ್ಚಿ ಹೋಗಲು ಬಾಗಿಲು 80 ಸೆಂ.ಮೀ. ಆದರೂ ಇರಲಿ. ಒತ್ತುವ ಗುಂಡಿಗಳು ಕೂತವರ ಕೈಗೆ ಎಟುಕಲಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಮನೆ ಲಿಫ್ಟಿನಲ್ಲಿ ಹೆದರಬೇಕಾದದ್ದು ಹಗ್ಗಕ್ಕಲ್ಲ, ಬಾಗಿಲಿಗೆ. ಮಹಡಿಯ ಕಡೆ ಕೋಣೆಯ ಬಾಗಿಲಿನಂತೆ ತೆರೆಯುವ ಕದ, ಡಬ್ಬಿಗೆ ಮಡಚುವ ಗೇಟು, ಇವೆರಡರ ನಡುವೆ ಒಂದಿಷ್ಟು ಖಾಲಿ ಜಾಗ. ಪುಟ್ಟ ಮಗು ಕದ ತೆರೆದು ಆ ಸಂದಿಯಲ್ಲಿ ನಿಂತು ಹಿಂದಿನಿಂದ ಕದ ಮುಚ್ಚಿಕೊಂಡರೆ, ಎರಡೂ ಮುಚ್ಚಿವೆ ಎಂದೇ ಯಂತ್ರ ತಿಳಿಯುತ್ತದೆ. ಆ ಕ್ಷಣ ಮೇಲಿನವರು ಯಾರೋ ಲಿಫ್ಟು ಕರೆಯುತ್ತಾರೆ. ಅಮೆರಿಕದಲ್ಲಿ ಹೀಗೆಯೇ ಮಕ್ಕಳು ಸತ್ತಿದ್ದಾರೆ, ಜೀವನಪರ್ಯಂತ ಹಾಸಿಗೆ ಹಿಡಿದಿದ್ದಾರೆ. ಅಲ್ಲಿಯ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ವರ್ಷಗಟ್ಟಲೆ ಎಚ್ಚರಿಸಿ, 2022ರಲ್ಲಿ ತಯಾರಕರು ಸಾವಿರಾರು ಲಿಫ್ಟುಗಳನ್ನು ಸರಿಪಡಿಸಿಕೊಡುವಂತೆ ಮಾಡಿತು. ಅಲ್ಲಿನ ಹೊಸ ನಿಯಮದಂತೆ ಎರಡು ಬಾಗಿಲುಗಳ ನಡುವೆ 4 ಅಂಗುಲಕ್ಕಿಂತ ಹೆಚ್ಚು ಜಾಗ ಇರಕೂಡದು. 4 ಅಂಗುಲವೆಂದರೆ ಸುಲಿದ ತೆಂಗಿನಕಾಯಿಯ ಗಾತ್ರ. ಇಂಥ ಕದವಿರುವ ಲಿಫ್ಟು ನಿಮ್ಮ ಮನೆಯಲ್ಲಿದ್ದರೆ ಇವತ್ತೇ ಟೇಪು ಹಿಡಿದು ಅಳೆಯಿರಿ. ಹೆಚ್ಚಿದ್ದರೆ ಕದದ ಒಳಮೈಗೆ ಗಟ್ಟಿ ಫಲಕ ಕೂರಿಸಿ ಸಂದಿ ತುಂಬಿಸಬಹುದು, ಖರ್ಚೂ ದೊಡ್ಡದಲ್ಲ. ರಜೆಗೆ ಮೊಮ್ಮಕ್ಕಳು ಬರುವ ಮನೆಯಲ್ಲಿ ಈ ಕೆಲಸ ನಾಳೆಗೆ ಉಳಿಯಬಾರದು.

ಕರ್ನಾಟಕದಲ್ಲಿ ಲಿಫ್ಟಿಗೇ ಪ್ರತ್ಯೇಕ ಕಾಯ್ದೆಯಿದೆ, 2012ರದ್ದು. ಕೂರಿಸುವ ಮೊದಲು ಅನುಮತಿ, ಓಡಿಸುವ ಮೊದಲು ಪರವಾನಗಿ, ಎರಡಕ್ಕೂ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಅರ್ಜಿ. ಮನೆ ಲಿಫ್ಟಿಗೆಂದೇ ಭಾರತೀಯ ಮಾನಕವೂ ಇದೆ: ಐ.ಎಸ್. 15259. ಮಾರುವವರ ಬಳಿ ಈ ಸಂಖ್ಯೆ ಹೇಳಿ ಕೇಳಿ ನೋಡಿ, ಉತ್ತರದಲ್ಲೇ ಆಳ ತಿಳಿಯುತ್ತದೆ.

ಸಿಕ್ಕಿಹಾಕಿಕೊಂಡರೆ ಉಸಿರು ಕಟ್ಟುತ್ತದೆಯೇ? ಮಾಮೂಲಿ ಡಬ್ಬಿಗೆ ಗಾಳಿಕಿಂಡಿಗಳು ಇದ್ದೇ ಇರುತ್ತವೆ. ಅಪಾಯವಿರುವುದು ಎರಡು ಮಹಡಿಗಳ ನಡುವೆ ಬಾಗಿಲು ಬಿಡಿಸಿಕೊಂಡು ಧುಮುಕುವುದರಲ್ಲಿ. ಅಲಾರಂ ಒತ್ತಿ, ಕೂತು ಕಾಯಿರಿ. ಲೋಹದ ಡಬ್ಬಿಯೊಳಗೆ ಮೊಬೈಲಿಗೆ ಸಿಗ್ನಲ್ ಸಿಗದಿರಬಹುದು. ಒಂಟಿಯಾಗಿರುವ ಹಿರಿಯರ ಮನೆಯಲ್ಲಿ ಒಳಗೊಂದು ತಂತಿಯ ಫೋನು ಇದ್ದರೆ ಧೈರ್ಯ.

ಲಿಫ್ಟಿಗೆ ಜಾಗವೇ ಇಲ್ಲದವರಿಗೆ ಮೆಟ್ಟಿಲ ಪಕ್ಕದ ಕಂಬಿಯ ಮೇಲೆ ಚಲಿಸುವ ಕುರ್ಚಿಯಿದೆ. 1920ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸಿ.ಸಿ. ಕ್ರಿಸ್ಪೆನ್ ಎಂಬುವರು ಇಂಥದ್ದನ್ನು ಮಾಡಿದ್ದರು. ಗೋಡೆ ಒಡೆಯುವ ಕೆಲಸವಿಲ್ಲ.

ನಮ್ಮದು ಹೈಡ್ರಾಲಿಕ್, ಮೂರು ನಿಲುಗಡೆ, ತಾರಸಿಯವರೆಗೂ. ಕೊನೆಯ ನಿಲುಗಡೆ ಮೊದಲ ಮಹಡಿಗೇ ಸಾಕು, ತಾರಸಿಗೆ ಯಾರು ಹೋಗುತ್ತಾರೆ ಎಂದು ಸಲಹೆ ಕೊಟ್ಟವರಿದ್ದರು. ಅಮ್ಮ ಒಳಗೊಂದು ಮಣೆ ಹಾಕಿಸಿಕೊಂಡಿದ್ದಾರೆ. ಮಾರ್ಚಿ ಬಂತೆಂದರೆ ಬೆಳಿಗ್ಗೆ ಏಳಕ್ಕೆ ಸಂಡಿಗೆ ಹಿಟ್ಟಿನ ಪಾತ್ರೆ ಮಡಿಲಲ್ಲಿಟ್ಟುಕೊಂಡು ಮಣೆಯ ಮೇಲೆ ಕೂರುತ್ತಾರೆ. ಮುಕ್ಕಾಲು ನಿಮಿಷ. ಮೇಲೆ ಬಾಗಿಲು ತೆರೆದದ್ದು ಕೇಳಿಸುತ್ತದೆ, ಆಮೇಲೆ ಪ್ಲಾಸ್ಟಿಕ್ ಹಾಳೆ ಹಾಸುವ ಸದ್ದು. ಕಾಗೆ ಬಾರದಿರಲೆಂದು ಕಪ್ಪು ಕೊಡೆ ಬಿಚ್ಚಿಟ್ಟು, ಹತ್ತು ಗಂಟೆಯವರೆಗೂ ಅಲ್ಲೇ ಇರುತ್ತಾರೆ.