ಗುಮಾನಿಯೂ ರುಜುವಾತೂ



ಬಳ್ಳಾರಿ ಜಿಲ್ಲೆಯ ಕಂಪ್ಲಿ ತಾಲ್ಲೂಕಿನಲ್ಲಿ ಎಮ್ಮಿಗನೂರು ಎಂಬ ಊರಿದೆ. ಬತ್ತದ ಗದ್ದೆಗಳ ನಡುವಣ ಆ ಊರಿನ ತರುಣನೊಬ್ಬನು ಕಾಲೇಜು ಸೇರುವ ಮುನ್ನ ನನ್ನನ್ನು ಕಾಣಲು ಬಂದು, “ಅಪರಾಧಶಾಸ್ತ್ರವನ್ನು ಓದಿದರೆ ಪಿ.ಎಸ್.ಐ. ಆಗಬಹುದೆ, ಸಾರ್?” ಎಂದು ಕೇಳಿದನು. ಆಗಬಹುದು, ಆದರೆ ಅದಕ್ಕೆ ಈ ಶಾಸ್ತ್ರವೇ ಬೇಕೆಂದಿಲ್ಲ. ಯಾವ ವಿಷಯದ ಪದವಿಯಾದರೂ ಸಾಕು, ಸ್ಪರ್ಧಾಪರೀಕ್ಷೆಯನ್ನೂ ದೇಹದಾರ್ಢ್ಯದ ಪರೀಕ್ಷೆಯನ್ನೂ ಗೆಲ್ಲಬೇಕು, ಎಂದೆನು. “ಹಾಗಾದರೆ ಇದನ್ನು ಓದುವುದೇತಕ್ಕೆ?” ಎಂಬ ಅವನ ಎರಡನೆಯ ಪ್ರಶ್ನೆಗೆ ಅಂದು ನಾನು ಕೊಟ್ಟ ಉತ್ತರವು ಅರೆಯಾಗಿತ್ತು. ಅದನ್ನು ಪೂರ್ತಿಮಾಡುವುದೇ ಈ ಭಾಷಣದ ಉದ್ದೇಶ.

ಕಳ್ಳರನ್ನು ಹಿಡಿಯುವ ವಿದ್ಯೆಯೇ ಅಪರಾಧಶಾಸ್ತ್ರವೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಮನುಷ್ಯನು ಅಪರಾಧಕ್ಕೆ ಇಳಿಯುವುದೇಕೆ, ಅದರಿಂದ ನೊಂದವನ ಗತಿಯೇನು, ದಂಡನೆಯಿಂದ ಕೈದಿಯು ತಿದ್ದಿಕೊಳ್ಳುವನೆ ಎಂಬುದು ಅದರ ಒಂದು ಭಾಗ. ಫಿರ್ಯಾದು, ತನಿಖೆ, ವಿಚಾರಣೆ, ತೀರ್ಪು ಎಂಬ ಕ್ರಮವು ಇನ್ನೊಂದು ಭಾಗ. ರಕ್ತದ ಕಲೆ, ಬೆರಳಚ್ಚು, ಕೈಬರಹ ಮೊದಲಾದವುಗಳನ್ನು ಪರೀಕ್ಷಿಸುವ ವಿಧಿವಿಜ್ಞಾನವು ಮೂರನೆಯದು. ಈ ಮೂರನ್ನೂ ಹೊಲಿದು ಹಿಡಿದಿರುವ ದಾರ ಒಂದೇ: ಗುಮಾನಿಗೂ ರುಜುವಾತಿಗೂ ಇರುವ ಅಂತರದ ಅರಿವು.

ದೂರ ಹೋಗಿ ನಿದರ್ಶನ ಹುಡುಕಬೇಕಾಗಿಲ್ಲ. ಅದೇ ಜಿಲ್ಲೆಯ ಸಂಡೂರಿನ ಬೆಟ್ಟಗಳಿಂದ ಕಬ್ಬಿಣದ ಅದಿರನ್ನು ಹೊತ್ತ ಲಾರಿಗಳು ಹಗಲಿರುಳೂ ಹೊರಟ ಕಾಲವನ್ನು ಕೇಳುಗರು ಮರೆತಿರಲಾರರು. ಅಕ್ರಮವು ನಡೆಯುತ್ತಿದೆಯೆಂಬ ಮಾತು ರಸ್ತೆಯ ಬದಿಯ ಚಹಾದಂಗಡಿಯಲ್ಲಿಯೂ ಇತ್ತು. ಆದರೆ ಚಹಾದಂಗಡಿಯ ಮಾತು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2008ರಲ್ಲಿಯೂ 2011ರ ಜುಲೈ 27ರಂದೂ ಒಪ್ಪಿಸಿದ ವರದಿಗಳಿಗೆ ಬಲ ಬಂದದ್ದು ಸಾಗಾಣಿಕೆಯ ಪರವಾನಗಿಗಳಿಂದ, ಬಂದರಿನ ಲೆಕ್ಕಗಳಿಂದ. ಹೊರಡಲು ಅನುಮತಿ ಪಡೆದ ಅದಿರೆಷ್ಟು, ಹಡಗನ್ನೇರಿದ ಅದಿರೆಷ್ಟು ಎಂದು ತಾಳೆ ನೋಡಿದಾಗ ಕಾಗದವೇ ಸಾಕ್ಷಿ ನುಡಿಯಿತು. ಸರ್ವೋಚ್ಚ ನ್ಯಾಯಾಲಯವು ಅದೇ ತಿಂಗಳ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಬಳಿಕ ಗಣಿಗಳನ್ನು ಅಳೆಯಿಸಿ, ಗುತ್ತಿಗೆಯ ಎಲ್ಲೆಯನ್ನು ಎಷ್ಟು ಮೀರಿವೆಯೆಂಬುದನ್ನು ನೋಡಿ, ಮೂರು ವರ್ಗಗಳಾಗಿ ವಿಂಗಡಿಸಲಾಯಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಮೂರನೆಯ ವರ್ಗದ ಗುತ್ತಿಗೆಗಳು ರದ್ದಾದವು. ಸರಪಳಿ ಹಿಡಿದು ನೆಲವನ್ನು ಅಳೆಯುವವನೂ ಲೆಕ್ಕಪತ್ರವನ್ನು ಓದುವವನೂ ಲಾಠಿ ಹಿಡಿದವನಷ್ಟೇ ನ್ಯಾಯದ ಸೇವಕರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವುಂಟೆ?

ರುಜುವಾತಿಗೆ ಅಡ್ಡದಾರಿಯೂ ಒಂದಿದೆ. ಹೊಡೆದು ಬಾಯಿ ಬಿಡಿಸುವುದು. ಆ ದಾರಿಯನ್ನು ಕಾನೂನು ಬಹುಕಾಲದ ಹಿಂದೆಯೇ ಮುಚ್ಚಿದೆ. ಪೊಲೀಸ್ ಅಧಿಕಾರಿಯ ಮುಂದೆ ಆಪಾದಿತನು ಮಾಡಿದ ತಪ್ಪೊಪ್ಪಿಗೆಯನ್ನು ಅವನ ವಿರುದ್ಧ ರುಜುವಾತಾಗಿ ಬಳಸಕೂಡದೆಂದು 1872ರ ಸಾಕ್ಷ್ಯ ಅಧಿನಿಯಮವೇ ಹೇಳಿತ್ತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ಇದನ್ನು ಉಳಿಸಿಕೊಂಡಿದೆ. ಹೊಡೆತದ ಬದಲು ಔಷಧಿಯನ್ನು ಚುಚ್ಚಿ ಮಂಪರಿನಲ್ಲಿ ಮಾತಾಡಿಸಿದರೆ? ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರ ಮೇ 5ರಂದು, ಸಮ್ಮತಿಯಿಲ್ಲದೆ ಅಂಥ ಪರೀಕ್ಷೆಗೆ ಯಾರನ್ನೂ ಗುರಿಮಾಡಕೂಡದೆಂದು ವಿಧಿಸಿತು. ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಯಾರನ್ನೂ ಬಲಾತ್ಕರಿಸಕೂಡದೆಂಬ ಸಂವಿಧಾನದ ಮಾತಿಗೆ ಇದು ವಿವರಣೆ. ನಿರಪರಾಧಿಯು ನೋವಿಗೆ ಹೆದರಿ ಇಲ್ಲದ ತಪ್ಪನ್ನು ಒಪ್ಪಿಕೊಂಡರೆ ಎರಡು ಅನ್ಯಾಯಗಳಾಗುತ್ತವೆ: ಒಬ್ಬನು ವೃಥಾ ಸೆರೆಗೆ ಹೋಗುತ್ತಾನೆ, ಇನ್ನೊಬ್ಬನು ಹೊರಗೇ ಉಳಿಯುತ್ತಾನೆ.

ಅಡ್ಡದಾರಿ ಮುಚ್ಚಿದ ಮೇಲೆ ರಾಜಮಾರ್ಗದಲ್ಲಿ ನಡೆಯಬಲ್ಲವರು ಬೇಕಲ್ಲವೆ? ನೂತನ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ 7 ವರ್ಷ ಅಥವಾ ಅದಕ್ಕೂ ಮೇಲ್ಪಟ್ಟ ಶಿಕ್ಷೆಗೆ ಅರ್ಹವಾದ ಅಪರಾಧವು ನಡೆದ ಸ್ಥಳಕ್ಕೆ ವಿಧಿವಿಜ್ಞಾನದ ತಜ್ಞರು ಹೋಗಿ ಸಾಕ್ಷ್ಯವನ್ನು ಸಂಗ್ರಹಿಸತಕ್ಕದ್ದು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ 5 ವರ್ಷಗಳ ಅವಧಿಯಿದೆ. ಶೋಧನೆ ಮತ್ತು ಜಪ್ತಿಗಳ ವೀಡಿಯೊ ಚಿತ್ರಣವೂ ಆಗಬೇಕು. ಇಷ್ಟು ಕೆಲಸಕ್ಕೆ ಕೈಗಳೆಲ್ಲಿ? ನಮ್ಮ ದೇಶದಲ್ಲಿ ಸಾಗರ ವಿಶ್ವವಿದ್ಯಾಲಯವು 1959ರಲ್ಲಿಯೇ ಈ ವ್ಯಾಸಂಗಕ್ಕೆ ವಿಭಾಗವನ್ನು ತೆರೆಯಿತು. ನಮ್ಮಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಇದನ್ನು ಬೋಧಿಸುತ್ತ ಬಂದಿದೆ. ಅದೇ ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಆವರಣಕ್ಕೆ 2023ರ ಜನವರಿಯಲ್ಲಿ ಅಡಿಗಲ್ಲು ಬಿದ್ದಿತು.

ಆ ತರುಣನು ಬಯಸಿದ ಹುದ್ದೆಯ ಕಥೆಯಲ್ಲಿಯೂ ಇದೇ ಪಾಠವಿದೆ. 545 ಪಿ.ಎಸ್.ಐ. ಸ್ಥಾನಗಳಿಗಾಗಿ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆಯನ್ನು ಅಕ್ರಮದ ಕಾರಣದಿಂದ 2022ರ ಏಪ್ರಿಲಿನಲ್ಲಿ ರದ್ದುಮಾಡಬೇಕಾಯಿತು. ಮರುಪರೀಕ್ಷೆಯು ನಡೆದದ್ದು 2024ರ ಜನವರಿ 23ರಂದು. ಪ್ರಾಮಾಣಿಕವಾಗಿ ಬರೆದವರ ವರ್ಷಗಳೂ ಅದರಲ್ಲಿ ಕಳೆದುಹೋದವು. ಮೋಸವನ್ನು ಬಯಲಿಗೆಳೆಯಲು ನೆರವಾದ ವಸ್ತುಗಳಲ್ಲಿ ಒಂದು ಯಾವುದು ಗೊತ್ತೆ? ಅಭ್ಯರ್ಥಿಯ ಕೈಯಲ್ಲಿ ಉಳಿಯುವ ಉತ್ತರಪತ್ರಿಕೆಯ ಕಾರ್ಬನ್ ಪ್ರತಿ. ಮೂಲದಲ್ಲಿ ತುಂಬಿದ್ದ ಉತ್ತರಗಳು ಪ್ರತಿಯಲ್ಲಿ ಇರಲಿಲ್ಲ.

ಆ ತರುಣನು ಮತ್ತೊಮ್ಮೆ ಬಂದರೆ ನಾನು ಹೀಗೆ ಹೇಳುವೆನು: ಅಪ್ಪಾ, ಸೇರುವುದಕ್ಕೆ ಮುಂಚೆ ಹೊಸಪೇಟೆಯ ನ್ಯಾಯಾಲಯದಲ್ಲಿ ಒಂದು ದಿನ ಸುಮ್ಮನೆ ಕುಳಿತು ನೋಡು, ಸಾಮಾನ್ಯವಾಗಿ ಅದರ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಪಂಚನಾಮೆಯ ಒಂದು ಸಾಲು ತಪ್ಪಿದ್ದಕ್ಕೆ ಮೊಕದ್ದಮೆ ಹೇಗೆ ಸಡಿಲವಾಗುವುದೆಂಬುದನ್ನು ಗಮನಿಸು. ಆ ಒಂದು ಸಾಲನ್ನು ಸರಿಯಾಗಿ ಬರೆಯುವ ತಾಳ್ಮೆ ನಿನಗೆ ಇದ್ದರೆ ಈ ಶಾಸ್ತ್ರವನ್ನು ಓದು. ಖಾಕಿ ಸಿಕ್ಕಿದರೂ ಸರಿ, ಪ್ರಯೋಗಾಲಯ ಸಿಕ್ಕಿದರೂ ಸರಿ, ಎರಡೂ ಸಿಗದೆ ಊರಿಗೆ ಮರಳಿದರೂ ಸರಿ. ಠಾಣೆಯ ಮೆಟ್ಟಿಲೇರಲು ಅಂಜುವ ನೆರೆಯವನೊಬ್ಬನಿಗೆ ಅವನ ಹಕ್ಕೇನೆಂದು ತಿಳಿಸಬಲ್ಲ ಒಬ್ಬನು ಎಮ್ಮಿಗನೂರಿಗೆ ದೊರೆತಂತಾಗುವುದು.