ನೆಟಿಕೆಯ ಸದ್ದೂ ಅದರ ಅನಂತರದ ಮೌನವೂ

ಓದುಗರಾದ ತಾಯಿಯೊಬ್ಬರು ಬರೆದು ಕೇಳಿರುವ ಪ್ರಶ್ನೆಯೊಂದು ನನ್ನ ಮನಸ್ಸನ್ನು ಬಹುವಾಗಿ ಸೆಳೆದಿದೆ. ಅವರ ಕೂಸಿಗೆ ನಾಮಕರಣವಾದ ದಿನ ಮನೆಯ ಹಿರಿಯ ಮುತ್ತೈದೆಯೊಬ್ಬರು ಅದರ ಮುಖದ ಮುಂದೆ ಎರಡೂ ಕೈಗಳನ್ನು ನಿವಾಳಿಸಿ, ಬೆರಳುಗಳನ್ನು ಮಡಿಸಿ ತಮ್ಮ ಹಣೆಯ ಇಬ್ಬದಿಗೆ ಒತ್ತಿದಾಗ ಹತ್ತು ಬೆರಳುಗಳ ನೆಟಿಕೆಯೂ ಪಟಪಟನೆ ಮುರಿದುವಂತೆ. ಎಷ್ಟೊಂದು ದೃಷ್ಟಿಯಾಗಿತ್ತೆಂದು ಉದ್ಗರಿಸಿ ಅವರು ಕೂಡಲೇ ಮತ್ತೊಮ್ಮೆ ನಿವಾಳಿಸಿ ಒತ್ತಲಾಗಿ ಒಂದು ಬೆರಳೂ ಸದ್ದು ಮಾಡಲಿಲ್ಲವಂತೆ. ದೃಷ್ಟಿ ಇಳಿಯಿತೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕೆ ಎಂಬುದು ಬಂಧುಗಳ ವಾದ. ವಿಜ್ಞಾನ ಇದಕ್ಕೇನು ಹೇಳುತ್ತದೆ ಎಂಬುದು ತಾಯಿಯ ಜಿಜ್ಞಾಸೆ. ಸದ್ದಿನಷ್ಟೇ ಅದರ ಬೆನ್ನಿಗೆ ಬರುವ ಮೌನವೂ ವಿವರಣೆಯನ್ನು ಬೇಡುತ್ತದೆಂಬುದನ್ನು ಇಷ್ಟು ಸ್ಪಷ್ಟವಾಗಿ ಎತ್ತಿ ತೋರಿಸುವ ಪ್ರಶ್ನೆ ಅಪರೂಪವಾದುದು.

ನಮ್ಮ ಜನ ಈ ಸಣ್ಣ ಸದ್ದಿಗೆ ಹೊರಿಸಿರುವ ಅರ್ಥಭಾರ ಅಲ್ಪವಾದುದಲ್ಲ. ಮದುವಣಗಿತ್ತಿಯ ದೃಷ್ಟಿ ತೆಗೆಯುವುದಕ್ಕೂ ನೆಟಿಕೆ, ಬೀದಿಯ ಜಗಳದಲ್ಲಿ ಎದುರಾಳಿಯ ಮನೆ ಹಾಳಾಗಲೆಂದು ಶಪಿಸುವುದಕ್ಕೂ ನೆಟಿಕೆ. ಇಷ್ಟಾದರೂ ಮುಸ್ಸಂಜೆಯಲ್ಲಿ ಹುಡುಗನೊಬ್ಬ ಸುಮ್ಮನೆ ಕುಳಿತು ಬೆರಳು ಮುರಿದನೆಂದರೆ ಮನೆಗೆ ದಾರಿದ್ರ್ಯವೆಂದು ಗದರಿಕೆ. ಒಂದೇ ಕ್ರಿಯೆಯಿಂದ ಮಂಗಳವೂ ಅಮಂಗಳವೂ ಫಲಿಸಬಲ್ಲುದಾದರೆ, ಆ ಫಲಗಳಿಗೆ ಕಾರಣ ಕ್ರಿಯೆಯಲ್ಲಿಲ್ಲವೆಂದು ತಿಳಿಯುವುದೇ ನ್ಯಾಯವಾದ ಮಾರ್ಗ.

ಬೆರಳಿನ ಬುಡದ ಕೀಲಿನಲ್ಲಿ ಎರಡು ಎಲುಬುಗಳ ತುದಿಗಳು ನುಣುಪಾದ ಮೃದ್ವಸ್ಥಿಯನ್ನು ಹೊದ್ದು ಎದುರುಬದುರಾಗಿ ನಿಂತಿರುವುವು. ಅವುಗಳ ನಡುವಣ ಅತ್ಯಲ್ಪವಾದ ಎಡೆಯಲ್ಲಿ ಸಂಧಿದ್ರವವೆಂಬ ಸ್ನಿಗ್ಧವಾದ ರಸ ತುಂಬಿರುವುದು. ಇಷ್ಟನ್ನೂ ಸುತ್ತಿ ಒಂದು ಬಿಗಿಯಾದ ಚೀಲವಿರುವುದು. ಈ ರಸದಲ್ಲಿ ಅನಿಲಗಳು, ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್, ಕರಗಿರುತ್ತವೆ. ಬೆರಳನ್ನು ಎಳೆದಾಗಲಾಗಲಿ ಮಡಿಸಿ ಒತ್ತಿದಾಗಲಾಗಲಿ ಎಲುಬಿನ ತುದಿಗಳು ಅಗಲಲು ಯತ್ನಿಸುತ್ತವೆ, ಆದರೆ ನಡುವಣ ರಸ ಅವನ್ನು ಹಿಡಿದಿಟ್ಟುಕೊಳ್ಳುತ್ತದೆ. ಸೆಳೆತ ಹೆಚ್ಚುತ್ತ ಹೋದಂತೆ ರಸದೊಳಗಣ ಒತ್ತಡ ಕುಗ್ಗುತ್ತ ಹೋಗಿ, ಕಡೆಗೊಂದು ಕ್ಷಣದಲ್ಲಿ ಹಿಡಿತ ತಟ್ಟನೆ ಕಳಚಿ ಎಲುಬುಗಳು ದೂರ ಸರಿಯುತ್ತವೆ. ಗೋಲಿ ಸೋಡಾದ ಗೋಲಿಯನ್ನು ಒಳಕ್ಕೆ ಒತ್ತಿದೊಡನೆ ಒತ್ತಡ ಇಳಿದು, ಅದುವರೆಗೆ ಕಾಣದಿದ್ದ ಅನಿಲ ಗುಳ್ಳೆಗಳಾಗಿ ಮೈದೋರುವುದಷ್ಟೆ. ಕೀಲಿನ ಇಕ್ಕಟ್ಟಿನಲ್ಲಿಯೂ ಅಂತೆಯೇ ಆ ಕ್ಷಣದಲ್ಲಿ ಒಂದು ಕುಹರ, ಒಂದು ಅನಿಲದ ಗುಳ್ಳೆ ಹುಟ್ಟುತ್ತದೆ. ನೆಟಿಕೆ ಮುರಿದಾಗ ಎಲುಬಿಗೆ ಎಲುಬು ತಾಕುತ್ತದೆಂಬುದು ಬಹುಜನರ ನಂಬಿಕೆಯಾದರೂ, ಅವು ಒಂದನ್ನೊಂದು ಅಗಲುವ ಗಳಿಗೆಯೇ ಅದು.

ಈ ಗುಳ್ಳೆಯ ಹುಟ್ಟು ಸದ್ದನ್ನು ಮಾಡುತ್ತದೆಯೋ ಅದರ ಸಾವು ಮಾಡುತ್ತದೆಯೋ ಎಂಬ ವಿಷಯದಲ್ಲಿ ವಿದ್ವಾಂಸರೊಳಗೆ ನಡೆದ ವಿವಾದ ಮುಕ್ಕಾಲು ಶತಮಾನದ ಇತಿಹಾಸವುಳ್ಳದ್ದು. 1947ರಲ್ಲಿ ಲಂಡನ್ನಿನ ರಾಸ್ಟನ್ ಮತ್ತು ಹೇನ್ಸ್ ಎಂಬುವರು ಬೆರಳನ್ನು ಕ್ರಮಕ್ರಮವಾಗಿ ಹೆಚ್ಚುವ ಬಲದಿಂದ ಎಳೆದು ಕ್ಷ-ಕಿರಣದ ಚಿತ್ರಗಳನ್ನು ತೆಗೆದು, ಸದ್ದಿನೊಡನೆಯೇ ಕೀಲಿನ ಎಡೆ ಹಠಾತ್ತನೆ ಹಿಗ್ಗಿ ಅಲ್ಲಿ ಖಾಲಿಜಾಗವೊಂದು ಕಾಣಿಸಿಕೊಳ್ಳುವುದನ್ನು ಕಂಡು, ಗುಳ್ಳೆಯ ಹುಟ್ಟೇ ಕಾರಣವೆಂದರು. 1971ರಲ್ಲಿ ಲೀಡ್ಸಿನ ಅನ್ಸ್‌ವರ್ತ್, ಡೌಸನ್, ರೈಟ್ ಎಂಬ ಮೂವರು ಇದನ್ನು ಒಪ್ಪದೆ, ಗುಳ್ಳೆ ಕುಸಿಯುವಾಗ ಹೊಮ್ಮುವ ಆಘಾತವೇ ಆ ಸದ್ದೆಂದು ಸಾರಿದರು. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾನಿಲಯದ ಗ್ರೆಗೊರಿ ಕಾಚುಕ್ ಮತ್ತು ಸಂಗಡಿಗರು ಒಬ್ಬನೇ ವ್ಯಕ್ತಿಯ ಹತ್ತು ಬೆರಳುಗಳನ್ನು ಒಂದೊಂದಾಗಿ ಎಂ.ಆರ್.ಐ. ಯಂತ್ರದೊಳಗೆ ಎಳೆದು ಚಲಚ್ಚಿತ್ರವನ್ನೇ ತೆಗೆದಾಗ, 310 ಮಿಲಿಸೆಕೆಂಡುಗಳಿಗಿಂತ ಕಡಿಮೆ ಅವಧಿಯಲ್ಲಿ ಕುಹರ ಮೂಡಿದುದೂ, ಸದ್ದು ಮುಗಿದ ಮೇಲೆಯೂ ಅದು ಅಳಿಯದೆ ಉಳಿದುದೂ ಕಂಡುಬಂದು, ಹಳೆಯ ಲಂಡನ್ ಪಕ್ಷಕ್ಕೆ ಬಲ ಬಂದಿತು. ಅನಂತರ 2018ರಲ್ಲಿ ವಿನೀತ್ ಚಂದ್ರನ್ ಸುಜಾ ಮತ್ತು ಅಬ್ದುಲ್ ಬರಾಕತ್ ಎಂಬುವರು ಗಣಿತ ಸಮೀಕರಣಗಳ ಮೂಲಕ ತೋರಿಸಿದ ಮಾತು ನನಗೆ ಅತ್ಯಂತ ಹೃದ್ಯವಾದುದು: ಗುಳ್ಳೆ ಪೂರ್ತಿಯಾಗಿ ಸಾಯಬೇಕಾಗಿಲ್ಲ, ಅರೆಬರೆಯಾಗಿ ಕುಸಿದರೂ ಸಾಕು, ಕಿವಿಗೆ ಕೇಳುವಂಥ ಸದ್ದು ಹೊಮ್ಮುತ್ತದೆ. ಹಾಗಾದರೆ ಸದ್ದಾದ ಮೇಲೂ ಗುಳ್ಳೆ ಉಳಿದಿರುವುದಕ್ಕೂ ಕುಸಿತವೇ ಸದ್ದಿನ ಮೂಲವೆಂಬುದಕ್ಕೂ ವಿರೋಧವಿಲ್ಲ.

ಮುತ್ತೈದೆಯ ಬೆರಳುಗಳು ಎರಡನೆಯ ಬಾರಿ ಏಕೆ ಮೂಕವಾದುವೆಂಬುದಕ್ಕೆ ಉತ್ತರ ಈ ಉಳಿದ ಗುಳ್ಳೆಯಲ್ಲಿಯೇ ಇದೆ. ರಸದಿಂದ ಹೊರಬಂದ ಅನಿಲ ಮತ್ತೆ ರಸದಲ್ಲಿ ಕರಗಿ ಹೋಗುವುದಕ್ಕೆ ಸುಮಾರು 20 ನಿಮಿಷ ಹಿಡಿಯುತ್ತದೆ. ಅದುವರೆಗೆ ಕೀಲನ್ನು ಎಷ್ಟು ಎಳೆದರೂ ಅಲ್ಲಿರುವ ಅನಿಲ ಹಿಗ್ಗಿ ಸೆಳೆತಕ್ಕೆ ಮಣಿಯುವುದೇ ಹೊರತು, ಒತ್ತಡ ಕುಗ್ಗಿ ಕುಗ್ಗಿ ತಟ್ಟನೆ ಹಿಡಿತ ಕಳಚುವ ಪ್ರಸಂಗವೇ ಒದಗದು. ಆದಕಾರಣ ಸದ್ದೂ ಇಲ್ಲ. ಮೊದಲ ಬಾರಿ ಸದ್ದು, ಒಡನೆಯೇ ಮೌನ: ದೃಷ್ಟಿದೋಷವೆಂಬುದು ಇದ್ದು ಇಳಿದಿದ್ದರೆ ಹೇಗೆ ಕಾಣುತ್ತಿತ್ತೋ ಹಾಗೆಯೇ ಕೀಲಿನ ಭೌತಶಾಸ್ತ್ರ ಕಾಣಿಸುತ್ತ ಬಂದಿದೆ. ತಲೆಮಾರುಗಳಿಂದ ಈ ಆಚಾರಕ್ಕೆ ನಂಬಿಕೆ ಕುಂದದಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಪರೀಕ್ಷಿಸುವವರಿಗೆ ಮಾರ್ಗ ಸುಲಭವಾಗಿದೆ. ಒಬ್ಬರ ಬೆರಳು ಮೌನವಾದ ಮರುಗಳಿಗೆಯಲ್ಲಿ, ಅಂದು ಇನ್ನೂ ನೆಟಿಕೆ ಮುರಿಯದ ಇನ್ನೊಬ್ಬರು ಅದೇ ಕೂಸಿಗೆ ನಿವಾಳಿಸಲಿ. ಇಳಿದುಹೋಯಿತೆಂದ ದೃಷ್ಟಿ ಅವರ ಬೆರಳುಗಳಲ್ಲಿ ಪಟಪಟನೆ ನುಡಿಯುವುದು. ನಾನು ಮನೆಯ ಜಗಲಿಯ ಕಂಬಕ್ಕೆ ನಿವಾಳಿಸಿ ನೋಡಿದ್ದೇನೆ. ಕಂಬಕ್ಕೂ ಮೊದಲ ಸಲ ಧಾರಾಳವಾಗಿ ದೃಷ್ಟಿಯಾಗಿರುತ್ತದೆ, ಎರಡನೆಯ ಸಲ ಇರುವುದಿಲ್ಲ. ಆ ಹಿರಿಯ ಮುತ್ತೈದೆಯ ಕೈಗಳಲ್ಲಿರುವ ವಾತ್ಸಲ್ಯ ನಿಜವಾದುದು, ಪೂಜ್ಯವಾದುದು. ಆದರೆ ಜ್ವರದಿಂದ ನರಳುವ ಕೂಸಿಗೆ ನೆಟಿಕೆ ಮುರಿದು, ಬೆರಳು ಮೌನವಾಯಿತೆಂಬ ಭರವಸೆಯಲ್ಲಿ ವೈದ್ಯರ ಬಳಿಗೆ ಹೋಗದೆ ಕೂರುವುದು ಅಕ್ಷಮ್ಯವಾದ ಅಪರಾಧ.

ನೆಟಿಕೆಯಿಂದ ಸಂಧಿವಾತ ಬರುತ್ತದೆಂಬ ಭಯ ಪಾಶ್ಚಾತ್ಯರಲ್ಲಿಯೂ ಉಂಟು. ಕ್ಯಾಲಿಫೋರ್ನಿಯದ ವೈದ್ಯ ಡೊನಾಲ್ಡ್ ಅಂಗರ್ ಬಾಲ್ಯದಲ್ಲಿ ತಾಯಿಯೂ ಅತ್ತೆ ಚಿಕ್ಕಮ್ಮಂದಿರೂ ಕೊಟ್ಟ ಈ ಎಚ್ಚರಿಕೆಯನ್ನು ಪರೀಕ್ಷೆಗೊಡ್ಡಲೆಂದು, ಎಡಗೈಯ ನೆಟಿಕೆಯನ್ನು ಪ್ರತಿದಿನ ಎರಡು ಬಾರಿಯಾದರೂ ಮುರಿಯುತ್ತ, ಬಲಗೈಯನ್ನು ಹೋಲಿಕೆಗಾಗಿ ಮುಟ್ಟದೆ ಬಿಟ್ಟು, 50 ವರ್ಷಗಳ ಬಳಿಕ 1998ರಲ್ಲಿ ಎರಡು ಕೈಗಳಲ್ಲಿಯೂ ಸಂಧಿವಾತವಿಲ್ಲವೆಂದು ವೈದ್ಯಪತ್ರಿಕೆಯೊಂದಕ್ಕೆ ಬರೆದರು. 2009ರಲ್ಲಿ ಅವರಿಗೆ, ಮೊದಲು ನಗಿಸಿ ಅನಂತರ ಚಿಂತನೆಗೆ ಹಚ್ಚುವ ಸಂಶೋಧನೆಗಳಿಗೆಂದೇ ಇರುವ ಇಗ್ ನೊಬೆಲ್ ಪುರಸ್ಕಾರ ಸಂದಿತು. ಒಬ್ಬನ ಎರಡು ಕೈಗಳಿಂದ ಸಿದ್ಧಾಂತ ನಿಲ್ಲದು, ನಿಜ. ಆದರೆ ಅರ್ಧ ಶತಮಾನದ ಆ ನಿಷ್ಠೆಗೆ ನಾನು ತಲೆಬಾಗುತ್ತೇನೆ. ಡೆಟ್ರಾಯಿಟ್ ನಗರದಲ್ಲಿ 300 ಮಂದಿಯನ್ನು ಪರೀಕ್ಷಿಸಿ 1990ರಲ್ಲಿ ಪ್ರಕಟಿಸಿದ ವರದಿಯೂ ಸಂಧಿವಾತದ ಹೆಚ್ಚಳವನ್ನು ಕಾಣಲಿಲ್ಲ. ಅದು ಕಂಡಿದ್ದ ಕೈಬಾವು ಮತ್ತು ಹಿಡಿತದ ದೌರ್ಬಲ್ಯಗಳಿಗೆ ಅನಂತರದ ಅಧ್ಯಯನಗಳಿಂದ ಸಮರ್ಥನೆ ದೊರೆತಿಲ್ಲ.

ಮೆಟ್ಟಿಲು ಹತ್ತುವಾಗ ಮಂಡಿಯಲ್ಲಿ ಪ್ರತಿ ಹೆಜ್ಜೆಗೂ ಕೇಳುವ ಸದ್ದು ಈ ಜಾತಿಯದಲ್ಲ. ಗುಳ್ಳೆಗೆ ಬೇಕಾದ 20 ನಿಮಿಷಗಳ ಬಿಡುವನ್ನು ಅದು ಕೇಳುವುದಿಲ್ಲವೆಂಬುದರಿಂದಲೇ ಅದನ್ನು ಗುರುತಿಸಬಹುದು. ಎಲುಬಿನ ಉಬ್ಬಿನ ಮೇಲೆ ಸ್ನಾಯುರಜ್ಜು ಜಾರುವುದರಿಂದಲೋ, ಮೃದ್ವಸ್ಥಿ ಒರಟಾಗಿರುವುದರಿಂದಲೋ ಅದು ಉಂಟಾಗುವುದು. ನೋವೂ ಬಾವೂ ಜೊತೆಗಿಲ್ಲದಿದ್ದರೆ ಅಂಜಬೇಕಾಗಿಲ್ಲ. ಕುತ್ತಿಗೆಯ ವಿಷಯ ಮಾತ್ರ ಬೇರೆ. ಕ್ಷೌರದ ಅಂಗಡಿಯಲ್ಲಿ ತಲೆಯನ್ನು ಹಿಡಿದು ಫಕ್ಕನೆ ತಿರುವಿ ಲಟಲಟನೆ ಸದ್ದು ಹೊರಡಿಸುವ ಪದ್ಧತಿ ಇನ್ನೂ ಉಳಿದಿದೆ. ಬೆರಳಿನ ಕೀಲಿನ ಪಕ್ಕದಲ್ಲಿ ಮೆದುಳಿಗೆ ರಕ್ತ ಒಯ್ಯುವ ನಾಳಗಳಿಲ್ಲ. ಕುತ್ತಿಗೆಯ ಕಶೇರುಗಳ ರಂಧ್ರಗಳನ್ನು ಹಾದು ಅಂಥ ಎರಡು ಧಮನಿಗಳು ಮೇಲೇರುತ್ತವೆ, ಮತ್ತು ಹಠಾತ್ತಾದ ತಿರುವಿನಿಂದ ಅವುಗಳ ಒಳಪದರ ಹರಿದು ಪಾರ್ಶ್ವವಾಯುವಾದ ಪ್ರಸಂಗಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ.