ಮೈಕ್ರಾನ್ ಅಳೆದರೆ ಸಾಕೇ?

ಉತ್ತರ ಗೋವಾದ ಕರಾವಳಿ ಪಟ್ಟಿಯ ಕಸ 2016ರಿಂದ ಸಾಲಿಗಾಂವ್ ಘಟಕಕ್ಕೆ ಹೋಗುತ್ತಿದೆ. ಬೇರ್ಪಡಿಸಿದ ಮೇಲೂ ಗುಜರಿಯವರಿಗೆ ಬೇಡವಾಗುವುದು ಬೇರೆ ಬೇರೆ ಪ್ಲಾಸ್ಟಿಕ್ಕುಗಳನ್ನು ಪದರಪದರವಾಗಿ ಅಂಟಿಸಿದ ಪೊಟ್ಟಣಗಳು. ಗೋವಾದ ಇಂಥ ಕಸ ಗಡಿ ದಾಟಿ ಕರ್ನಾಟಕದ ಸಿಮೆಂಟ್ ಕುಲುಮೆಗಳಲ್ಲಿ ಉರಿದದ್ದೂ ಉಂಟು. ನಮ್ಮ ನಿಯಮಗಳು ಹೆಚ್ಚಾಗಿ ನೆಚ್ಚಿಕೊಂಡಿರುವುದು ದಪ್ಪವನ್ನು: ಪ್ಲಾಸ್ಟಿಕ್ ಕೈಚೀಲಕ್ಕೆ 2021ರ ಸೆಪ್ಟೆಂಬರ್‌ನಿಂದ ಕನಿಷ್ಠ 75 ಮೈಕ್ರಾನ್, 2022ರ ಡಿಸೆಂಬರ್ 31ರಿಂದ 120. ಹಾಳೆಯೊಳಗಿನ ಅಣು ಎಂಥದ್ದು ಎಂದೂ ಕೇಳಬೇಕು ಎನ್ನುವುದು ನನ್ನ ವಾದ.

ಹಾಲಿನ ಪ್ಯಾಕೆಟ್ಟಿನಲ್ಲಿರುವ ಎಲ್‌ಎಲ್‌ಡಿಪಿಇ ಎಂಬ ಪಾಲಿಎಥಿಲೀನ್ ಎಥಿಲೀನ್‌ನ ಉದ್ದ ಸರಪಳಿ. ಅದರ ಬಲ ನಿಂತಿರುವುದು ಅಲ್ಲಲ್ಲಿ ಸೇರಿಸಿದ ಗಿಡ್ಡ ಕವಲುಗಳ ಮೇಲೆ. ಕವಲಿಗಾಗಿ ನಮ್ಮಲ್ಲಿ ಹೆಚ್ಚಾಗಿ ಬಳಸುವುದು ನಾಲ್ಕು ಕಾರ್ಬನ್ನಿನ ಬ್ಯೂಟೀನ್. ಆರರ ಹೆಕ್ಸೀನ್, ಎಂಟರ ಆಕ್ಟೀನ್ ಸೇರಿಸಿದರೆ ಹಾಳೆ ಸುಲಭವಾಗಿ ಹರಿಯದು, ಚುಚ್ಚಿದರೆ ಬೇಗ ತೂತಾಗದು. ಇವನ್ನೂ ಎಥಿಲೀನ್‌ನಿಂದಲೇ ಕಟ್ಟುತ್ತಾರೆ. ಶೆಲ್ ಕಂಪನಿಯ ಹಳೆಯ ನಿಕ್ಕಲ್ ವಿಧಾನದಲ್ಲಿ ನಾಲ್ಕರಿಂದ ಇಪ್ಪತ್ತು ದಾಟಿದ ಕಾರ್ಬನ್‌ಗಳವರೆಗೆ ಎಲ್ಲವೂ ಬೆರೆತು ಬರುತ್ತವೆ; ಬೇಕಾದ್ದನ್ನು ಆಮೇಲೆ ಆರಿಸಿಕೊಳ್ಳಬೇಕು. ಕ್ರೋಮಿಯಂ ವೇಗವರ್ಧಕದ ದಾರಿಯೇ ಬೇರೆ. ಲೋಹ ಎರಡು ಎಥಿಲೀನ್ ಹಿಡಿದು ಐದು ಪರಮಾಣುಗಳ ಉಂಗುರವಾಗುತ್ತದೆ. ಮೂರನೆಯದು ಸೇರಿ ಏಳರ ಉಂಗುರವಾಗಿ ಬಿಚ್ಚಿಕೊಂಡರೆ ಹೆಕ್ಸೀನ್, ಬಿಚ್ಚುವ ಮೊದಲೇ ನಾಲ್ಕನೆಯದು ನುಗ್ಗಿದರೆ ಆಕ್ಟೀನ್. ಯಾವುದು ಆಗಬೇಕೆಂದು ತೀರ್ಮಾನಿಸುವುದು ಲೋಹವನ್ನು ತಬ್ಬಿ ಕೂತ ಲಿಗ್ಯಾಂಡ್ ಎಂಬ ಅಣು. 2002ರಲ್ಲಿ ಬಿಪಿ ಕಂಪನಿಯ ಸಂಶೋಧಕರು ರಂಜಕ–ಸಾರಜನಕ–ರಂಜಕ ಚೌಕಟ್ಟಿನ ಲಿಗ್ಯಾಂಡ್‌ಗೆ ಮೀಥಾಕ್ಸಿ ಗುಂಪುಗಳನ್ನು ಜೋಡಿಸಿ ಬಹುಪಾಲು ಹೆಕ್ಸೀನ್ ಪಡೆದರು. 2004ರಲ್ಲಿ ದಕ್ಷಿಣ ಆಫ್ರಿಕಾದ ಸಾಸೋಲ್ ತಂಡ ಅದೇ ಚೌಕಟ್ಟನ್ನು ಆ ಗುಂಪುಗಳಿಲ್ಲದೆ ಬಳಸಿದಾಗ ಸುಮಾರು 70 ಪ್ರತಿಶತ ಆಕ್ಟೀನ್ ಬಂತು. ಬದಲಾದದ್ದು ಬೆರಳೆಣಿಕೆಯ ಪರಮಾಣುಗಳು, ಅಷ್ಟೆ.

ಬಲವಾದ ಹಾಳೆಯೆಂದರೆ ತೆಳು ಹಾಳೆ, ತೆಳು ಹಾಳೆಯನ್ನು ಚಿಂದಿ ಆಯುವವರು ಮುಟ್ಟುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಆ ಬಲವನ್ನು ತೆಳುವಾಗಿಸಲು ಖರ್ಚು ಮಾಡಲೇಬೇಕೆಂದಿಲ್ಲ. ಪದರಪದರದ ಪೊಟ್ಟಣದಲ್ಲಿರುವ ಪಾಲಿಯೆಸ್ಟರ್ ಪದರವನ್ನು ಕಿತ್ತುಹಾಕಿ ಇಡೀ ಪೊಟ್ಟಣವನ್ನು ಪಾಲಿಎಥಿಲೀನ್‌ನಲ್ಲೇ ಮಾಡಲು ಬಳಸಬಹುದು. ಒಂದೇ ಜಾತಿಯದ್ದಾದರೆ ಕರಗಿಸಿ ಮತ್ತೆ ಬಳಸುವುದು ಸುಲಭ. ಚಿಪ್ಸ್‌ಗೆ ಇದು ಒಗ್ಗದು, ಆಮ್ಲಜನಕ ತಡೆಯುವ ಪದರ ಅಲ್ಲಿ ಬೇಕೇ ಬೇಕು; ಅಕ್ಕಿ, ಉಪ್ಪು, ಸೋಪಿನ ಪುಡಿಗೆ ಅಂಥ ತೊಡಕಿಲ್ಲ. 1990ರ ದಶಕದಲ್ಲಿ ಕೇರಿ ಎಂಬ ಊರಿನಿಂದ ನೈಲಾನ್ 6,6 ಕಾರ್ಖಾನೆಯನ್ನು ಹೊರಗಟ್ಟಿದ ಗೋವನ್ನರಿಗೆ ರಾಸಾಯನಿಕ ಉದ್ಯಮವೆಂದರೆ ಅನುಮಾನ, ಅದು ತಪ್ಪಲ್ಲ. ಇಲ್ಲಿ ಕೇಳುತ್ತಿರುವುದು ಕಾರ್ಖಾನೆಯನ್ನಲ್ಲ, ಹಾಳೆಯ ಅಣು ಎಂಥದ್ದು ಎಂದು ಕೇಳುವ ಖರೀದಿಯ ಷರತ್ತನ್ನು. ತಾಳಿಗಾಂವ್‌ನ ಗೋವಾ ವಿಶ್ವವಿದ್ಯಾಲಯ, ಝುವಾರಿನಗರದ ಬಿಟ್ಸ್ ಎರಡರಲ್ಲೂ ರಸಾಯನ ವಿಭಾಗಗಳಿವೆ. ಮುಂದಿನ ನಿಯಮ ಬರೆಯುವ ಮೊದಲು ಸರ್ಕಾರ ಅಲ್ಲಿನವರನ್ನೂ ಕರೆಸಿ ಕೇಳಲಿ.